ನಮ್ಮೂರ ಇಗರ್ಜಿ ಎಷ್ಟು ಹಳೆಯದು? ಹೆಂಚು ತೆಗೆದು ಸ್ಲ್ಯಾಬ್ ಹಾಕುವ ಮಾತು ನಡೆದಿದೆ, ತಿಳಿದವರು ಹೇಳಿ

ಕಲಘಟಗಿ ಕಡೆಯವ:

ಕಲಘಟಗಿ ತಾಲೂಕಿನ ಸಣ್ಣ ಹಳ್ಳಿ ನಮ್ಮದು. ಹೆಸರು ಬೇಡ, ಈಗಾಗಲೇ ಊರಲ್ಲಿ ಎರಡು ಪಾರ್ಟಿ ಆಗಿವೆ. ಇಗರ್ಜಿ, ಅಂದರೆ ನಮ್ಮ ಕ್ಯಾಥೊಲಿಕ್ ಚರ್ಚು, ಹಳೆಯದು ಅನ್ನುವುದರಲ್ಲಿ ಜಗಳ ಇಲ್ಲ, ಎಷ್ಟು ಹಳೆಯದು ಅನ್ನುವುದರಲ್ಲಿ ಇದೆ. ಮುಂದಿನ ಗೋಡೆಯಲ್ಲಿ ಶಿಲುಬೆಯ ಕೆಳಗೆ ಗಾರೆಯಲ್ಲಿ 1932 ಅಂತ ಬರೆದಿದೆ. ಹೋದ ಮಳೆಗಾಲ ಸೋರಿದಾಗ ಕೆಲವು ಹೆಂಚು ಇಳಿಸಿದರು, ಅವುಗಳ ಮೇಲೆ ಬಾಸೆಲ್ ಮಿಷನ್ 1865 ಅಂತ ಅಚ್ಚಿದೆ. ಹಿರಿಯರನ್ನು ಕೇಳಿದರೆ ಜರ್ಮನ್ ಪಾದ್ರಿ ಕಟ್ಟಿಸಿದ್ದು, ಗೋವಾದವರು ಕಟ್ಟಿಸಿದ್ದು, ಟಿಪ್ಪು ಕಾಲದ್ದು ಅಂತ ಮೂರು ಉತ್ತರ ಬರುತ್ತವೆ. ಒಬ್ಬರೇ ಮೂರೂ ಹೇಳುವುದುಂಟು.

ಹೆಂಚು ನೋಡಿದ್ದೇ ತಡ, ಒಂದು ಗುಂಪು 1865 ಅಂತ ಕಲ್ಲು ಕೆತ್ತಿಸಿ ಊರ ಹಬ್ಬಕ್ಕೆ ಕೂಡಿಸೋಣ ಅನ್ನುತ್ತಿದೆ. ಇನ್ನೊಂದು ಗುಂಪು ಹೆಂಚೇ ಬೇಡ, ಸ್ಲ್ಯಾಬ್ ಹಾಕಿಬಿಡೋಣ ಅನ್ನುತ್ತಿದೆ.

ಕಟ್ಟಡ ಹೇಗಿದೆ ಅಂದರೆ, ಉದ್ದಕ್ಕೆ ಒಂದೇ ಹಜಾರ, ನಡುವೆ ಕಂಬ ಇಲ್ಲ. ಎರಡು ಕಡೆ ಇಳಿಜಾರಿನ ಮಾಡು (ಚಾವಣಿ). ಗೋಡೆ ಎರಡಡಿಗಿಂತ ದಪ್ಪ, ಸೊಂಟದ ಮಟ್ಟಕ್ಕೆ ಕಲ್ಲು, ಮೇಲೆ ಹಸಿ ಇಟ್ಟಿಗೆ. ಮುಂದಿನ ಗೋಡೆ ಮಾತ್ರ ಮಾಡಿಗಿಂತ ಎತ್ತರ, ಅದರ ಮೇಲೆ ಸುರುಳಿ ಸುರುಳಿ ಗಾರೆ ಕೆಲಸ. ಪೀಠದ ಮುಂದೆ ಒಂದು ಕಮಾನು. ಗಂಟೆ ಹೊರಗೆ ಬೇರೆ ಕಟ್ಟೆಯ ಮೇಲಿದೆ. ಇಷ್ಟು ನೋಡಿ ಕಾಲ ಹೇಳಬಹುದಾ?

ಗಾರೆ ಕೆಲಸ:

ಮೊದಲ ಮಾತು, 1865 ಅಂತ ಕಲ್ಲು ಕೆತ್ತಿಸಬೇಡಿ. ಆ ಇಸವಿ ನಿಮ್ಮ ಇಗರ್ಜಿಯದ್ದೂ ಅಲ್ಲ, ಆ ಹೆಂಚಿನದ್ದೂ ಅಲ್ಲ, ಕಾರ್ಖಾನೆಯದ್ದು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಅನ್ನುವ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಅನ್ನುವವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ಹೆಸರಿನ ಜೊತೆ ಆ ವರ್ಷವನ್ನೂ ಅಚ್ಚು ಹಾಕುತ್ತಾ ಹೋದರು. ಹಾಗಾಗಿ ಇಪ್ಪತ್ತು ವರ್ಷ ಬಿಟ್ಟು ಬೆಂದ ಹೆಂಚಿನ ಮೇಲೂ 1865 ಇರುತ್ತದೆ. ಅಂಗಡಿ ಬೋರ್ಡಿನ ಮೇಲೆ ಸ್ಥಾಪನೆ ಇಷ್ಟನೇ ಇಸವಿ ಅಂತ ಬರೆಸಿದ ಹಾಗೆ.

ಆದರೂ ಹೆಂಚು ಪೂರ್ತಿ ಮೂಕ ಅಲ್ಲ. 1865ಕ್ಕಿಂತ ಹಿಂದೆ ಹೋಗುವಂತಿಲ್ಲ, ಇದು ಒಂದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನ್ನಿನ ಕಾರ್ಖಾನೆಗಳನ್ನು ಕಸಿದುಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು, ಅಚ್ಚಿನ ಹೆಸರೂ ಬದಲಾಯಿತು. ಅಂದರೆ ನಿಮ್ಮ ಹೆಂಚು ಬಹುಪಾಲು ಆ ಯುದ್ಧಕ್ಕೆ ಮುಂಚಿನದು. ಗೋಡೆಯ ಮೇಲಿನ ಬರಹ 1932. ಅಂದರೆ ಮಾಡಿನ ಹೆಂಚು ಮೊದಲಿನದು, ಮುಂದಿನ ಗೋಡೆ ಆಮೇಲಿನದು. ಇದು ಹೇಗೆ ಸಾಧ್ಯ? ಎರಡು ದಾರಿ ಇವೆ. ಬೇರೆಲ್ಲೋ ಇಳಿಸಿದ ಹಳೆ ಹೆಂಚು ತಂದು ಹೊದಿಸಿರಬಹುದು. ಇಲ್ಲವೇ ಹಳೆ ಕಟ್ಟಡಕ್ಕೆ 1932ರಲ್ಲಿ ಹೊಸ ಮುಖ ಕೂಡಿಸಿರಬಹುದು. ನೋಡಿ ಹೇಳುವುದು ಸುಲಭ. ಒಳಗೆ ಹೋಗಿ ಮುಂದಿನ ಗೋಡೆ ಪಕ್ಕದ ಗೋಡೆಗೆ ಕೂಡುವ ಮೂಲೆ ನೋಡಿ. ಕಲ್ಲು ಒಂದರೊಳಗೊಂದು ಹಲ್ಲು ಕಚ್ಚಿ ಕೂತಿವೆಯಾ, ಅಥವಾ ಮೇಲಿಂದ ಕೆಳಗೆ ನೆಟ್ಟಗೆ ಒಂದು ಗೀರು ಇದೆಯಾ?

ಹುಬ್ಬಳ್ಳಿ ರೈಲು ಕಾಲೋನಿ:

ಪ್ರೊಟೆಸ್ಟೆಂಟ್ ಹೆಂಚಿನ ಕೆಳಗೆ ಕ್ಯಾಥೊಲಿಕ್ ಪೂಜೆ! ಆ ಕಾಲದಲ್ಲಿ ಎರಡು ಕಡೆಯವರಿಗೂ ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ. ಹೆಂಚಿಗೆ ಮಾತ್ರ ಭೇದ ಇರಲಿಲ್ಲ ನೋಡಿ.

ಹಳೆ ಕಾಗದ:

ಜರ್ಮನ್ ಪಾದ್ರಿ ಅನ್ನುವ ಮಾತನ್ನು ತಳ್ಳಿಹಾಕಬೇಡಿ, ಆದರೆ ಯಾವ ಜರ್ಮನ್ ಅಂತ ಕೇಳಿ. ನಮ್ಮ ಭಾಗದಲ್ಲಿ ಜರ್ಮನ್ ಅಂದ ಕೂಡಲೇ ಎಲ್ಲರೂ ಬಾಸೆಲ್ ಮಿಷನ್ ಅಂದುಕೊಳ್ಳುತ್ತಾರೆ. ಅವರು ಧಾರವಾಡಕ್ಕೆ ಬಂದದ್ದು 1837, ಹುಬ್ಬಳ್ಳಿಗೆ 1839, ಗದಗಿನ ಬೆಟಗೇರಿಗೆ 1841. ಅವರು ಪ್ರೊಟೆಸ್ಟೆಂಟರು, ಕ್ಯಾಥೊಲಿಕ್ ಇಗರ್ಜಿ ಕಟ್ಟಿಸುವವರಲ್ಲ. ಆದರೆ 1850ರ ದಶಕದಲ್ಲಿ ಮುಂಬೈ ಮತ್ತು ಪುಣೆಯ ಕ್ಯಾಥೊಲಿಕ್ ಮಿಷನ್ ಕೆಲಸ ಜರ್ಮನ್ ಜೆಸ್ವಿತರ, ಅಂದರೆ ಯೇಸುಸಭೆ ಅನ್ನುವ ಕ್ಯಾಥೊಲಿಕ್ ಸಂಘದ ಪಾದ್ರಿಗಳ, ಕೈಗೆ ಬಂತು. 1886ರಲ್ಲಿ ಪುಣೆ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಆಯಿತು, ಧಾರವಾಡ ಜಿಲ್ಲೆಯ ಇಗರ್ಜಿಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಿದ್ದರು. ಹಾಗಾಗಿ ಒಂದೇ ಕಾಲದಲ್ಲಿ ಎರಡು ಬಗೆಯ ಜರ್ಮನ್ನರು ಇಲ್ಲಿ ಓಡಾಡುತ್ತಿದ್ದರು, ಒಂದು ಬಗೆಯವರು ಹೆಂಡತಿ ಮಕ್ಕಳ ಜೊತೆ, ಇನ್ನೊಂದು ಬಗೆಯವರು ಒಂಟಿ. ನಿಮ್ಮ ಹಿರಿಯರಿಗೆ ಪಾದ್ರಿಯ ಹೆಂಡತಿಯ ನೆನಪು ಇದೆಯಾ ಕೇಳಿ, ಅರ್ಧ ಉತ್ತರ ಸಿಗುತ್ತದೆ.

ಯುದ್ಧ ಶುರುವಾದ ಮೇಲೆ ಇಬ್ಬರ ಗತಿಯೂ ಒಂದೇ ಆಯಿತು. ಶತ್ರು ದೇಶದವರು ಅಂತ ಹಿಡಿದು ಕೂಡಿಸಿದರು, ಊರಿಗೆ ಕಳಿಸಿದರು. ಪುಣೆಯ ಬಿಷಪ್ ಹೆನ್ರಿ ಡೋರಿಂಗ್ ಜರ್ಮನ್, ಅವರಿಗೂ ಭಾರತಕ್ಕೆ ಮರಳಲು ಬಿಡಲಿಲ್ಲ. ಅವರು ಜಪಾನಿನ ಹಿರೋಶಿಮಾದಲ್ಲಿ ಕೆಲಸ ಮಾಡಿ 1927ರಲ್ಲಿ ಪುಣೆಗೆ ವಾಪಸ್ ಬಂದರು. ಯುದ್ಧದ ವರ್ಷಗಳಲ್ಲಿ ಈ ಭಾಗದ ಹಳ್ಳಿಗಳಲ್ಲಿ ಕಟ್ಟಡ ಕೆಲಸ ನಿಂತಿದ್ದರೆ, 1920ರ ಕೊನೆ ಮತ್ತು 1930ರ ಮೊದಲಲ್ಲಿ ದಿಢೀರ್ ಅಂತ ಗೋಡೆಗೆ ಹೊಸ ಮುಖ ಬಂದಿದ್ದರೆ ಅದರಲ್ಲಿ ಆಶ್ಚರ್ಯ ಇಲ್ಲ.

ಇನ್ನು ಗೋವಾದವರು ಅನ್ನುವ ಮಾತು. ಅದು ಇನ್ನೂ ಹಳೆಯ ಕಥೆ. ಪೋರ್ಚುಗಲ್ ರಾಜನಿಗೆ ಪೂರ್ವದ ದೇಶಗಳಲ್ಲಿ ಬಿಷಪ್ಪರನ್ನು ಹೆಸರಿಸುವ ಹಕ್ಕನ್ನು ಪೋಪರು ಕೊಟ್ಟಿದ್ದರು, ಅದಕ್ಕೆ ಪಾದ್ರೋಆದೊ ಅನ್ನುತ್ತಾರೆ. 1622ರಲ್ಲಿ ರೋಮ್ ತನ್ನದೇ ಪ್ರಪಗಾಂಡಾ ಅನ್ನುವ ಸಂಸ್ಥೆ ಮಾಡಿ, ಪೋರ್ಚುಗೀಸರ ಕೈ ಮೀರಿ ಪಾದ್ರಿಗಳನ್ನು ಕಳಿಸತೊಡಗಿತು. 1637ರಲ್ಲಿ ಗೋವಾದ ಮತೆಯುಸ್ ದೆ ಕಾಸ್ತ್ರೊ ಅವರನ್ನು ವಿಜಯಪುರದ ಆದಿಲ್‌ಶಾಹಿ ರಾಜ್ಯಕ್ಕೆ ಅಧಿಕಾರಿ ಮಾಡಿ ಬಿಷಪ್ ಪದವಿ ಕೊಟ್ಟರು. ಲ್ಯಾಟಿನ್ ಪದ್ಧತಿಯಲ್ಲಿ ಬಿಷಪ್ ಆದ ಮೊದಲ ಭಾರತೀಯ ಅವರು. ಆಗ ಧಾರವಾಡ, ಬಂಕಾಪುರ ಎಲ್ಲಾ ಆದಿಲ್‌ಶಾಹಿಯ ಕೈಯಲ್ಲೇ ಇದ್ದವು. ಅಂದರೆ ಕಾಗದದ ಮೇಲೆ ನಿಮ್ಮೂರಿಗೆ ಆಗಲೇ ಒಬ್ಬ ಬಿಷಪ್ ಇದ್ದರು! ಪೋರ್ಚುಗೀಸರು ಅವರನ್ನು ಒಪ್ಪಲೇ ಇಲ್ಲ ಅನ್ನುವುದು ಬೇರೆ ಮಾತು. ಪಾದ್ರೋಆದೊ ಮತ್ತು ಪ್ರಪಗಾಂಡಾ ಕಡೆಯವರ ಈ ಜಗಳ ಹಳ್ಳಿಗಳವರೆಗೂ ಇಳಿಯಿತು. ಒಂದೇ ಊರಿನಲ್ಲಿ ಅರ್ಧ ಜನ ಗೋವಾ ಪಾದ್ರಿಯ ಕಡೆ, ಅರ್ಧ ಜನ ರೋಮ್ ಕಳಿಸಿದ ಪಾದ್ರಿಯ ಕಡೆ ಇದ್ದದ್ದೂ ಉಂಟು. ರೋಮ್ ಮತ್ತು ಪೋರ್ಚುಗಲ್ ನಡುವಿನ 1886ರ ಒಪ್ಪಂದದಲ್ಲಿ ಗಡಿ ಗೆರೆ ಎಳೆದರು, ಆದರೂ ಪೂರ್ತಿ ತಣ್ಣಗಾಗಲು ಬಹಳ ವರ್ಷ ಹಿಡಿಯಿತು.

ಇದನ್ನೆಲ್ಲಾ ಯಾಕೆ ಹೇಳಿದೆ ಅಂದರೆ, ನಿಮ್ಮ ದಾಖಲೆ ಎಲ್ಲಿದೆ ಅನ್ನುವುದು ಇದರ ಮೇಲೆ ನಿಂತಿದೆ. ಈಗಿನ ಬೆಳಗಾವಿ ಧರ್ಮಪ್ರಾಂತ್ಯ ಆದದ್ದು 1953ರಲ್ಲಿ, ಗೋವಾದಿಂದ ಸ್ವಲ್ಪ, ಪುಣೆಯಿಂದ ಸ್ವಲ್ಪ ತೆಗೆದು. ಅದಕ್ಕೂ ಹಿಂದಿನ ಪತ್ರಗಳನ್ನು ಬೆಳಗಾವಿಯಲ್ಲಿ ಕೇಳಿದರೆ ಸಿಗದೇ ಇರಬಹುದು. ಪುಣೆಯಲ್ಲಿ ಕೇಳಿ, ಪಣಜಿಯ ಆರ್ಚ್‌ಬಿಷಪ್ ಮನೆಯಲ್ಲಿ ಕೇಳಿ. ಅದಕ್ಕೂ ಮೊದಲು ನಿಮ್ಮ ಫಾದರ್ ಹತ್ತಿರ ಜ್ಞಾನಸ್ನಾನದ ಹಳೆ ರಿಜಿಸ್ಟರ್ ತೆಗೆಸಿ. ಕ್ಯಾಥೊಲಿಕ್ ಬಿಷಪ್ಪರ ಟ್ರೆಂಟ್ ಮಹಾಸಭೆ 1563ರಲ್ಲೇ ರಿಜಿಸ್ಟರ್ ಇಡಬೇಕು ಅಂತ ಕಟ್ಟುನಿಟ್ಟು ಮಾಡಿತ್ತು. ಹಳ್ಳಿ ಇಗರ್ಜಿಗಳಲ್ಲಿ ಗೋಡೆ ಬಿದ್ದು ಎದ್ದರೂ ಆ ಪುಸ್ತಕವನ್ನು ಮಾತ್ರ ಟ್ರಂಕಿನಲ್ಲಿ ಜೋಪಾನ ಮಾಡಿರುತ್ತಾರೆ. ಬರೆದ ಭಾಷೆ ನೋಡಿ. ಪೋರ್ಚುಗೀಸ್ ಇದ್ದರೆ ಗೋವಾ ಪಾದ್ರಿ, ಲ್ಯಾಟಿನ್ ಇದ್ದರೆ ಪುಣೆ ಕಡೆಯವರು ಇರುವ ಸಾಧ್ಯತೆ ಜಾಸ್ತಿ.

ಟಿಪ್ಪು ಕಾಲ ಅನ್ನುವುದನ್ನು ಸದ್ಯಕ್ಕೆ ಬಿಡಿ. ನಮ್ಮಲ್ಲಿ ಹಳೆಯದೆಲ್ಲಾ ಟಿಪ್ಪು ಕಾಲದ್ದೇ.

ಹೊಸ ಪೀಳಿಗೆ:

ಎಲ್ಲಾ ಚೆಂದ ಇದೆ ಸ್ವಾಮಿ. ಒಳಗೆ ಕೂತು ಪೂಜೆ ಕೇಳುವವರ ಕಷ್ಟ ಯಾರು ಕೇಳುತ್ತಾರೆ? ಮಳೆಗಾಲದಲ್ಲಿ ಬಕೆಟ್ ಇಟ್ಟುಕೊಂಡು ಪ್ರಾರ್ಥನೆ ಮಾಡುತ್ತೇವೆ. ಮಂಗಗಳು ವರ್ಷಕ್ಕೆ ನೂರು ಹೆಂಚು ಒಡೆಯುತ್ತವೆ. ಹೆಂಚು ಹತ್ತಿ ಕೂಡಿಸಲು ಬರುವ ಕೆಲಸದವರು ಈಗ ಊರಲ್ಲಿ ಒಬ್ಬರೂ ಇಲ್ಲ. ಕ್ರಿಸ್‌ಮಸ್ ರಾತ್ರಿ ಅರ್ಧ ಜನ ಹೊರಗೆ ಚಳಿಯಲ್ಲಿ ನಿಲ್ಲುತ್ತಾರೆ. ಸ್ಲ್ಯಾಬ್ ಹಾಕಿದರೆ ಮುಂದೆ ಮೇಲೊಂದು ಮಹಡಿಯನ್ನೂ ಏರಿಸಬಹುದು. ಹಳೆಯದು ಅಂತ ಪ್ರೀತಿ ಇರುವವರು ಫೋಟೋ ತೆಗೆದು ಇಟ್ಟುಕೊಳ್ಳಲಿ. ದೇವರು ಹೆಂಚಿನಲ್ಲಿ ಇಲ್ಲ ಅಲ್ವಾ?

ಬೆಟಗೇರಿ ಹುಡುಗಿ:

ಮಂಗದ ಮಾತು ನೂರಕ್ಕೆ ನೂರು ನಿಜ.

ಗಾರೆ ಕೆಲಸ:

ಹೊಸ ಪೀಳಿಗೆಯವರ ಕಷ್ಟ ನಿಜ, ನಾನು ಹೆಂಚಿನ ಭಕ್ತ ಅಲ್ಲ. ಆದರೆ ಲೆಕ್ಕ ನೋಡಿ. ಮಂಗಳೂರು ಹೆಂಚು ಒಂದು ಚದರ ಮೀಟರಿಗೆ ಸುಮಾರು 15 ಬೇಕು. ಒಂದೊಂದು ಎರಡೂವರೆ ಕೆಜಿ ಅಂದರೂ ನಲವತ್ತು ಕೆಜಿ ಹತ್ತಿರ ಬಂತು, ಮರದ ಭಾರ ಬೇರೆ. ನಾಲ್ಕು ಇಂಚಿನ ಸ್ಲ್ಯಾಬ್ ಅದೇ ಜಾಗಕ್ಕೆ 250 ಕೆಜಿ. ಕಲ್ಲು ಸೊಂಟದವರೆಗೆ, ಮೇಲೆ ಹಸಿ ಇಟ್ಟಿಗೆ ಅಂದಿರಿ. ಆ ಗೋಡೆ ಕಟ್ಟಿದ ಗೌಂಡಿ ಹೆಂಚಿನ ಭಾರಕ್ಕೆ ಕಟ್ಟಿದ್ದಾನೆ. ಅದರ ಮೇಲೆ ಸ್ಲ್ಯಾಬ್ ಹೇರಿ, ಆಮೇಲೆ ಮಹಡಿ ಏರಿಸುವ ಮಾತು ಕೇಳಿದರೆ ನನಗೆ ಭಯ ಆಗುತ್ತದೆ. ಸ್ಲ್ಯಾಬ್ ಬೇಕೇ ಬೇಕು ಅಂದರೆ ಗೋಡೆಯ ಒಳಗೆ ಹೊಸ ಕಂಬ ಎಬ್ಬಿಸಬೇಕು, ಅದಕ್ಕೆ ಹೊಸ ತಳಪಾಯ ತೋಡಬೇಕು, ತೋಡುವಾಗ ಹಳೆ ಗೋಡೆಯ ಬುಡ ಅಲುಗುತ್ತದೆ. ಕೊನೆಗೆ ಎಲ್ಲಾ ಕೆಡವಿ ಹೊಸದು ಕಟ್ಟುವುದೇ ಆಗುತ್ತದೆ. ಹಾಗೆ ಮಾಡುವುದಿದ್ದರೆ ಬಾಯಿಬಿಟ್ಟು ಹೇಳಲಿ. ಬರೀ ಮಾಡು ಬದಲಿಸುತ್ತೇವೆ ಅಂತ ಊರಿಗೆ ಹೇಳುವುದು ಸರಿಯಲ್ಲ. ಹೊಸ ಇಗರ್ಜಿಗೆ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಬರಹದ ಒಪ್ಪಿಗೆಯೂ ಬೇಕು, ಅದು ಪಂಚಾಯ್ತಿ ಪರವಾನಗಿಗಿಂತ ಬೇರೆ.

ಸೋರುವುದಕ್ಕೆ ಹೆಂಚು ಕಾರಣ ಅಲ್ಲದೇ ಇರಬಹುದು. ಮುಂದಿನ ಗೋಡೆ ಮಾಡಿಗಿಂತ ಎತ್ತರ ಅಂದಿರಲ್ಲ, ಹೆಂಚು ಆ ಗೋಡೆಗೆ ತಾಗುವ ಸಂದಿಯಲ್ಲಿ ನೀರು ಇಳಿಯುತ್ತಿದೆಯಾ ನೋಡಿ. ಇಂಥ ಮುಖ ಇರುವ ಇಗರ್ಜಿಗಳಲ್ಲಿ ಸೋರಿಕೆ ಜಾಸ್ತಿ ಅಲ್ಲೇ. ಹೊರಗಿನಿಂದ ಗೋವಾದ ಹಾಗೆ ಭರ್ಜರಿ ಕಾಣುತ್ತದೆ, ಹಿಂದೆ ಹೋದರೆ ಸಾದಾ ಮಾಡು. ಆ ಎರಡು ಕೂಡುವ ಜಾಗ ಯಾವಾಗಲೂ ತಲೆನೋವು.

ಇನ್ನೊಂದು ಪ್ರಶ್ನೆ. ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿದ್ದೀರಾ? ಸುತ್ತ ಕಾಂಕ್ರೀಟ್ ರಸ್ತೆ ಬಂದಿದೆಯಾ?

ಕಲಘಟಗಿ ಕಡೆಯವ:

ಎರಡೂ ಆಗಿದೆ. ಪ್ಲಾಸ್ಟರ್ ಆಗಿ ಬಹಳ ವರ್ಷ ಆಯಿತು, ಒಳಗೆ ಕೆಳಗಡೆ ಬಾತ್‌ರೂಮಿಗೆ ಹಾಕುವಂಥ ಟೈಲ್ಸ್ ಹಾಕಿದ್ದಾರೆ, ಅದರ ಮೇಲಿನ ಬಣ್ಣ ಪ್ರತಿ ವರ್ಷ ಹಪ್ಪಳ ಎದ್ದು ಉದುರುತ್ತದೆ. ರಸ್ತೆ ಈಗ ಬಾಗಿಲ ಮೆಟ್ಟಿಲಿಗಿಂತ ಎತ್ತರ ಇದೆ.

ಮೂಲೆ ನೋಡಿದೆ. ಎರಡೂ ಕಡೆ ಮೇಲಿಂದ ಕೆಳಗೆ ನೆಟ್ಟಗೆ ಗೀರು ಇದೆ, ಬೆರಳ ತುದಿ ಹೋಗುವಷ್ಟು. ಇಷ್ಟು ದಿನ ಭೂಮಿ ಕುಸಿದು ಬಿರುಕು ಬಿಟ್ಟಿದೆ ಅಂತ ನಾವೆಲ್ಲಾ ಹೆದರಿಕೊಂಡಿದ್ದೆವು.

ಗಾರೆ ಕೆಲಸ:

ಹಾಗಾದರೆ 1932 ಮುಂದಿನ ಗೋಡೆಯ ವರ್ಷ ಅಂತ ನಂಬಬಹುದು. ಹಜಾರ ಅದಕ್ಕಿಂತ ಹಳೆಯದು.

ಗೋಡೆಯ ವಿಷಯ. ಮಣ್ಣು, ಸುಣ್ಣದ ಗೋಡೆ ನೆಲದ ಪಸೆಯನ್ನು ಮೇಲಕ್ಕೆ ಹೀರುತ್ತದೆ, ಮೈಯಿಂದ ಹೊರಗೆ ಬಿಡುತ್ತದೆ. ಸುಣ್ಣದ ಗಾರೆ ಇದ್ದಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ಸಿಮೆಂಟ್ ಬಳಿದರೆ ಪಸೆಗೆ ಹೊರಬರಲು ದಾರಿ ಇಲ್ಲ, ಇನ್ನೂ ಮೇಲೆ ಏರುತ್ತದೆ. ಟೈಲ್ಸ್ ಹಾಕಿದರೆ ಟೈಲ್ಸ್ ದಾಟಿ ಏರುತ್ತದೆ. ಅಲ್ಲಿ ನೀರು ಆರಿ ಉಪ್ಪು ಉಳಿಯುತ್ತದೆ, ಆ ಉಪ್ಪೇ ಬಣ್ಣವನ್ನು ಎಬ್ಬಿಸುವುದು. ಮೇಲೆ ನಿಮ್ಮದು ಹಸಿ ಇಟ್ಟಿಗೆ ಬೇರೆ, ನೆನೆದರೆ ಮತ್ತೆ ಮಣ್ಣೇ. ರಸ್ತೆ ಎತ್ತರ ಆದ ಮೇಲೆ ಮಳೆ ನೀರು ಗೋಡೆಯ ಬುಡದಲ್ಲೇ ನಿಲ್ಲುತ್ತಿರುತ್ತದೆ. ಮೊದಲು ಗೋಡೆಯ ಸುತ್ತ ಒಂದು ಚರಂಡಿ ತೆಗೆಸಿ. ಮಾಡಿನ ಖರ್ಚಿನ ಮುಂದೆ ಇದು ಏನೂ ಅಲ್ಲ. ನನ್ನ ಕೇಳಿದರೆ ಸ್ಲ್ಯಾಬಿನ ಜಗಳಕ್ಕಿಂತ ಈ ಚರಂಡಿ ಮುಖ್ಯ.

ರಾಣೆಬೆನ್ನೂರು ಮೇಷ್ಟ್ರು:

ರಸ್ತೆ ಎತ್ತರ ಮಾಡುವ ರೋಗ ನಮ್ಮ ಕಡೆಯೂ ಇದೆ. ಹಳೆ ಡಾಂಬರು ಕೀಳದೆ ಮೇಲೆ ಮೇಲೆ ಹಾಕಿಕೊಂಡು ಹೋಗುತ್ತಾರೆ. ಗುಡಿ, ಮಸೀದಿ, ಇಗರ್ಜಿ ಎಲ್ಲಾ ಹೊಂಡದಲ್ಲಿ ಇಳಿದಿವೆ, ಸರ್ವಧರ್ಮ ಸಮಾನತೆ.

ಬೆಟಗೇರಿ ಹುಡುಗಿ:

ನಾನು ಆರ್ಕಿಟೆಕ್ಚರ್ ಓದಿದವಳು, ಗದಗ ಕಡೆ ಕೆಲಸ. ನಮ್ಮಲ್ಲಿ ಎರೆ ಭೂಮಿ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಯಲ್ಲಿ ಉಬ್ಬುತ್ತದೆ, ಗೋಡೆ ಸೀಳುವುದು ಮಾಮೂಲಿ. ಕಲಘಟಗಿ ಕಡೆ ಕೆಂಪು ಮಣ್ಣಿದ್ದರೆ ನೀವು ಪುಣ್ಯವಂತರು. ಮರದ ವಿಷಯದಲ್ಲೂ ಅಷ್ಟೇ, ಹಳಿಯಾಳ ದಾಂಡೇಲಿಯ ಸಾಗವಾನಿ ನಿಮಗೆ ಹತ್ತಿರ. ನಡುವೆ ಕಂಬ ಇಲ್ಲದ ಹಜಾರ ಅಂದರೆ ಮೇಲೆ ಮರದ ತ್ರಿಕೋನ ಕೈಮರ ಇರಬೇಕು. ಅಡ್ಡ ತೊಲೆ, ನಡುವೆ ನಿಂತ ಒಂದು ಕಂಬ, ಎರಡು ಓರೆ ತೊಲೆ. ಕೂಡಿಸುವ ಜಾಗದಲ್ಲಿ ಕಬ್ಬಿಣದ ಪಟ್ಟಿ ಬೋಲ್ಟ್ ಇದ್ದರೆ ಅದು ರೈಲು ಬಂದ ಮೇಲಿನ ಕೆಲಸ ಇರಬಹುದು. ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂದದ್ದು 1880ರ ದಶಕದಲ್ಲಿ, ವರ್ಕ್‌ಶಾಪ್ ಕೂಡ ಅದೇ ಕಾಲದ್ದು. ವರ್ಕ್‌ಶಾಪಿನ ಜೊತೆ ಗೋವಾ, ತಮಿಳು, ತೆಲುಗು, ಆಂಗ್ಲೋ ಇಂಡಿಯನ್ ಕ್ಯಾಥೊಲಿಕರೂ ಬಂದರು, ಹುಬ್ಬಳ್ಳಿಯಲ್ಲಿ ಇಗರ್ಜಿಗೆ ಜನ ಜಾಸ್ತಿ ಆದದ್ದು ಹಾಗೆ. ನಿಮ್ಮಂಥ ಹಳ್ಳಿಗಳ ಕಥೆ ಬೇರೆ, ಅಲ್ಲಿ ಜನ ಮೊದಲಿಂದ ಇದ್ದ ಒಕ್ಕಲು ಮಕ್ಕಳು.

ಪೀಠದ ಕಡೆ ಬರೋಣ. ಈಗ ಫಾದರ್ ಜನರ ಕಡೆ ಮುಖ ಮಾಡಿ ಪೂಜೆ ಮಾಡುತ್ತಾರೆ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಗೆ ಮುಂಚೆ ಪೀಠ ಹಿಂದಿನ ಗೋಡೆಗೆ ಅಂಟಿರುತ್ತಿತ್ತು. ಫಾದರ್ ಜನಕ್ಕೆ ಬೆನ್ನು ಹಾಕಿ ಲ್ಯಾಟಿನ್‌ನಲ್ಲಿ ಹೇಳುತ್ತಿದ್ದರು. ಪೀಠಕ್ಕೂ ಜನಕ್ಕೂ ನಡುವೆ ಒಂದು ಕಟಾಂಜನ ಇರುತ್ತಿತ್ತು, ಅಲ್ಲಿ ಮೊಣಕಾಲೂರಿ ಪರಮಪ್ರಸಾದ ತೆಗೆದುಕೊಳ್ಳಬೇಕು. ಆಮೇಲೆ ಕನ್ನಡ ಬಂತು, ಪೀಠ ಮುಂದೆ ಬಂತು, ಬಹಳ ಕಡೆ ಕಟಾಂಜನ ಕಿತ್ತು ಹೋಯಿತು. ನಿಮ್ಮ ಹಿಂದಿನ ಗೋಡೆಯಲ್ಲಿ ಹಳೆ ಪೀಠದ ಗುರುತು ಇದೆಯಾ? ನೆಲದಲ್ಲಿ ಸಾಲಾಗಿ ತುಂಬಿದ ತೂತುಗಳಿವೆಯಾ? ಇದ್ದರೆ ಅಲ್ಲೇ ಕಟಾಂಜನ ಇತ್ತು.

1969ರಲ್ಲಿ ಭಾರತದ ಬಿಷಪ್ಪರು ಕೇಳಿದ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ನೆಲದ ಮೇಲೆ ಕೂರುವುದು, ಕೈ ಮುಗಿಯುವುದು, ಆರತಿ, ಇಂಥವು. ನಗು ಬರುತ್ತದೆ, ಯಾಕಂದರೆ ನಮ್ಮ ಹಳ್ಳಿಗಳಲ್ಲಿ ಯಾರ ಒಪ್ಪಿಗೆಗೂ ಕಾಯದೆ ಜಮಖಾನೆ ಹಾಸಿ, ಚಪ್ಪಲಿ ಹೊರಗೆ ಬಿಟ್ಟು ಕೂರುತ್ತಿದ್ದರು. ಬೈಲಹೊಂಗಲ ಕಡೆಯ ದೇಶನೂರಿನಲ್ಲಿ ಜೆಸ್ವಿತರು ಇನ್ನೂ ಮುಂದೆ ಹೋದರು, ಕಾವಿ ಉಟ್ಟು ಮಠದ ರೀತಿಯಲ್ಲೇ ನಡೆಸಿದರು.

ಹೊಸ ಪೀಳಿಗೆ:

ಬೆಂಚು ಹಾಕಿಸಿದ್ದೇ ನಾವು, ಮೊಣಕಾಲು ನೋವಿನವರಿಗೆ. ಈಗ ಅದಕ್ಕೂ ಜಗಳ ತೆಗೆಯಬೇಡಿ.

ಬೆಟಗೇರಿ ಹುಡುಗಿ:

ಇಲ್ಲಪ್ಪ, ಬೆಂಚು ಇರಲಿ. ನಿಮ್ಮ ಜಾಗದ ತೊಂದರೆಗೆ ಒಂದು ದಾರಿ ಇದೆ. ಪಕ್ಕದ ಗೋಡೆಗೆ ತಾಗದ ಹಾಗೆ ಒಂದು ಕಡೆ ಉದ್ದಕ್ಕೂ ತೆರೆದ ಪಡಸಾಲೆ ಮಾಡಿ, ಕಬ್ಬಿಣದ ಕಂಬ ಸಾಕು. ಬಾಗಿಲು ತೆಗೆದರೆ ಹಬ್ಬದ ದಿನ ಎಲ್ಲರಿಗೂ ಪೀಠ ಕಾಣುತ್ತದೆ. ಮಂಗಕ್ಕೆ, ಹೆಂಚಿನ ಕೆಳಗೆ ಹಲಗೆ ಹೊಡೆಸಿ, ಹೆಂಚು ಒಡೆದರೂ ನೀರು ನೇರ ತಲೆ ಮೇಲೆ ಬೀಳುವುದಿಲ್ಲ.

ಹಳೆ ಕಾಗದ:

ರಿಜಿಸ್ಟರ್ ಏನಾಯಿತು?

ಕಲಘಟಗಿ ಕಡೆಯವ:

ಸಿಕ್ಕಿತು. ಫಾದರ್ ತೆಗೆಸಿಕೊಟ್ಟರು. ಹಳೆಯದರ ಮೊದಲ ಪುಟಗಳು ಹರಿದಿವೆ, ಓದಲು ಬರುವುದು 1870ರ ದಶಕದಿಂದ. ಅಕ್ಷರ ಬಹಳ ಚೆಂದ, ಭಾಷೆ ತಿಳಿಯಲಿಲ್ಲ. ಮಗುವಿನ ಹೆಸರಾದ ಮೇಲೆ ಪ್ರತಿ ಸಾಲಿನಲ್ಲೂ ಫಿಲ್ಯೊ ದೆ ಅಂತ ಬರುತ್ತದೆ. ಆಮೇಲೆ ಬೇರೆ ಕೈಬರಹ, ಅಲ್ಲಿ ಬಾಪ್ತಿಜಾತುಸ್ ಅಂತ ಬರುತ್ತದೆ. ನಮ್ಮ ಮುತ್ತಜ್ಜನ ಅಡ್ಡಹೆಸರು ಕೂಡ ಇದೆ, ಪಕ್ಕಾ ಕನ್ನಡದ್ದು, ಅದನ್ನು ಆ ಪಾದ್ರಿ ತನಗೆ ಕೇಳಿಸಿದ ಹಾಗೆ ಬರೆದುಕೊಂಡಿದ್ದಾನೆ. ಹಿಂದಿನ ಗೋಡೆಯ ಹಳೆ ಪೀಠದ ಗುರುತೂ ಇದೆ, ಅದರ ಮುಂದೆ ನಾವು ಕಪಾಟು ನಿಲ್ಲಿಸಿದ್ದೆವು.

ಹಳೆ ಕಾಗದ:

ಫಿಲ್ಯೊ ದೆ ಪೋರ್ಚುಗೀಸ್, ಇಂಥವರ ಮಗ ಅಂತ. ಆಮೇಲಿನದು ಲ್ಯಾಟಿನ್. ನಿಮ್ಮ ಹಿರಿಯರು ಹೇಳಿದ ಗೋವಾದವರೂ ಇದ್ದರು, ಜರ್ಮನ್ ಪಾದ್ರಿಯೂ ಇದ್ದಿರಬಹುದು. ಭಾಷೆ ಬದಲಾದ ಪುಟದ ಇಸವಿ ಗುರುತು ಮಾಡಿಕೊಳ್ಳಿ, 1886ರ ಆಸುಪಾಸು ಇದ್ದರೆ ಕಥೆ ಸರಿ ಕೂಡುತ್ತದೆ. ಆ ವರ್ಷಗಳ ಪಾದ್ರಿಗಳ ಸಹಿ ಇರುತ್ತದೆ, ಆ ಹೆಸರು ಹಿಡಿದು ಪುಣೆಗೂ ಪಣಜಿಗೂ ಬರೆಯಿರಿ. ಇಗರ್ಜಿ ಕಟ್ಟಿಸಿದಾಗಿನ ಖರ್ಚಿನ ಪತ್ರ ಸಿಕ್ಕರೆ ಅಲ್ಲೇ ಸಿಗಬೇಕು. ಮುಂಬೈ ಪ್ರೆಸಿಡೆನ್ಸಿ ಗೆಜೆಟಿಯರಿನ ಧಾರವಾಡ ಸಂಪುಟವನ್ನೂ ನೋಡಿ, 22ನೆಯದು, 1884ರದ್ದು. ಆಗ ಗದಗ, ಹಾವೇರಿ ಎಲ್ಲಾ ಅದರಲ್ಲೇ. ಊರಿನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಮಾತ್ರ ನಾಲ್ಕೈದು ಬಗೆಯಲ್ಲಿ ಹುಡುಕಬೇಕು.

ಪುಟಗಳ ಫೋಟೋ ಇಲ್ಲಿ ಹಾಕಬೇಡಿ, ಮನೆತನದ ಹೆಸರುಗಳಿರುತ್ತವೆ. ಖಾಸಗಿಯಾಗಿ ಕಳಿಸಿ, ಪೋರ್ಚುಗೀಸ್ ಓದುವವರು ಗೋವಾದಲ್ಲಿ ಪರಿಚಯ ಇದ್ದಾರೆ.

ಹೊಸ ಪೀಳಿಗೆ:

ಕಮಿಟಿಯಲ್ಲಿ ಚರಂಡಿಗೆ ನಾನೂ ಕೈ ಎತ್ತುತ್ತೇನೆ. ಸ್ಲ್ಯಾಬ್ ಬಗ್ಗೆ ನನ್ನ ಮಾತು ಹಾಗೇ ಇದೆ, ಆದರೆ ಆ 250 ಕೆಜಿ ಲೆಕ್ಕವನ್ನು ಒಬ್ಬ ಇಂಜಿನಿಯರ್ ಬಂದು ಬರೆದುಕೊಡಲಿ, ಆಮೇಲೆ ನೋಡೋಣ. ಸುಣ್ಣದ ಗಾರೆ ಅಂತೀರಲ್ಲ, ಮಾಡುವವರು ಎಲ್ಲಿದ್ದಾರೆ?

ಗಾರೆ ಕೆಲಸ:

ಧಾರವಾಡದ ಹಳೆ ವಾಡೆಗಳ ರಿಪೇರಿ ಮಾಡುವ ಗೌಂಡಿಗಳನ್ನು ಕೇಳಿ, ವಯಸ್ಸಾದವರಿಗೆ ಇನ್ನೂ ಗೊತ್ತು. ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ನೀರಲ್ಲಿ ಅರಳಿಸಿ ವಾರಗಟ್ಟಲೆ ಬಿಡಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಗಾಣದಲ್ಲಿ ಅರೆಯಬೇಕು, ಅಳಲೆಕಾಯಿ ಬೆಲ್ಲದ ನೀರು ಬೆರೆಸುತ್ತಿದ್ದರು. ಬಳಿದ ಮೇಲೆ ದಿನಾ ತೇವ ಮಾಡಬೇಕು, ಅವಸರ ನಡೆಯುವುದಿಲ್ಲ. ಸಿಮೆಂಟನ್ನು ಎಲ್ಲಾ ಕಡೆ ಒಮ್ಮೆಲೇ ಸುತ್ತಿಗೆಯಿಂದ ಕೆಡವಬೇಡಿ, ಹಸಿ ಇಟ್ಟಿಗೆಯೂ ಜೊತೆಗೆ ಬರುತ್ತದೆ. ಹಿಂದಿನ ಗೋಡೆಯಲ್ಲಿ ಒಂದು ಮಾರು ಜಾಗ ತೆಗೆದು, ಸುಣ್ಣ ಬಳಿದು, ಒಂದು ಮಳೆಗಾಲ ನೋಡಿ. ಚರಂಡಿಯನ್ನು ಮಾತ್ರ ರೋಹಿಣಿ ಮಳೆಗೆ ಮುಂಚೆ ಮುಗಿಸಿ. ಮೂಲೆಯ ಆ ಗೀರಿಗೆ ಸಿಮೆಂಟ್ ತುಂಬಲು ಯಾರಾದರೂ ಬಂದರೆ ಬೇಡ ಅನ್ನಿ.